ಕುದುರೆ ಫೋಟೋದಲ್ಲಿ ಬೇಡವಾದದ್ದು ಯಾವುದು?

ಕಳೆದ ವರ್ಷ ಹುಣಸೂರಿನಲ್ಲಿ ನಮ್ಮ ಅಣ್ಣನ ಮಗನ ಮದುವೆ ಆಯಿತು. ಮದುಮಗ ಕುದುರೆ ಏರಿ ಬರುವುದು ಕರಾವಳಿಯ ನಮ್ಮ ಮನೆಗಳಲ್ಲಿ ಕಂಡ ವಾಡಿಕೆಯಲ್ಲ. ಆದರೆ ಮಡಿಕೇರಿ, ಕುಶಾಲನಗರ ದಾಟಿ ವ್ಯಾಪಾರಕ್ಕೆಂದು ಈ ಕಡೆ ಬಂದು ನೆಲೆಸಿದವರ ಮಕ್ಕಳು ಹುಟ್ಟಿ ಬೆಳೆದದ್ದೆಲ್ಲ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲಿ. ಇಲ್ಲಿನ ಗೆಳೆಯರ ಮದುವೆಯಲ್ಲಿ ಕಂಡದ್ದು ತಮಗೂ ಬೇಕು ಅನ್ನುತ್ತಾರೆ. ದುಂದು ಬೇಡ ಮಗಾ ಎಂದು ನಾವು ಹೇಳಿ ನೋಡಿದೆವು. "ಅರ್ಧ ಗಂಟೆ ಚಿಕ್ಕಪ್ಪ, ಫೋಟೋಗಷ್ಟೇ" ಎಂದ. ಮದುವೆ ಮನೆಯಲ್ಲಿ ಹಟ ಮಾಡುವವರ ಮುಂದೆ ಉಸ್ತಾದನ ಮಾತು ಎಷ್ಟು ನಡೆಯುತ್ತದೆ!

ಮೈಸೂರಿನಿಂದ ಪಿಕಪ್ ಗಾಡಿಯಲ್ಲಿ ಒಂದು ಬಿಳಿ ಕುದುರೆ ಬಂತು. ಅದರ ಜೊತೆ ಅರವತ್ತು ದಾಟಿದ ಒಬ್ಬ ಯಜಮಾನರು. ಮೊದಲು ಜಟಕಾ ಓಡಿಸುತ್ತಿದ್ದವರಂತೆ. ಕುದುರೆಗೆ ಜರಿಯ ಬಟ್ಟೆ ಹೊದಿಸಿದರು, ಹಣೆಗೆ ಕುಚ್ಚು ಕಟ್ಟಿದರು, ಮದುಮಗನ ಕಾಲನ್ನು ಒಂದೊಂದಾಗಿ ರಿಕಾಪಿಗೆ ಸೇರಿಸಿದರು. ಜನ, ವಾಹನ, ಹಾರ್ನ್ ಎಲ್ಲದರ ನಡುವೆ ಹಗ್ಗ ಹಿಡಿದು ಕುದುರೆಯ ಕಿವಿ ಹತ್ತಿರ ಏನೋ ಹೇಳುತ್ತಾ ನಡೆದರು. ನಮ್ಮ ಹುಡುಗ ಅದಕ್ಕಿಂತ ಮುಂಚೆ ಕುದುರೆ ಮುಟ್ಟಿದವನೂ ಅಲ್ಲ. ಅವನು ಬೀಳದೆ ಮನೆ ಬಾಗಿಲಿಗೆ ಬಂದದ್ದು ಆ ಯಜಮಾನರಿಂದ.

ಹತ್ತು ದಿನ ಬಿಟ್ಟು ಆಲ್ಬಮ್ ಕೆಲಸಕ್ಕೆ ಸ್ಟುಡಿಯೋಗೆ ಹೋದೆವು. ಕಂಪ್ಯೂಟರ್ ಮುಂದೆ ಕುಳಿತ ಹುಡುಗ, "ಏನೇನು ತೆಗೀಬೇಕು ಹೇಳಿ ಗುರುಗಳೇ" ಎಂದ. ನಾವು ಉತ್ಸಾಹದಿಂದ ಹೇಳುತ್ತಾ ಹೋದೆವು. ಆ ಕರೆಂಟ್ ಕಂಬ ತೆಗಿ, ವೈರು ತೆಗಿ, ಕಸದ ಡಬ್ಬಿ ತೆಗಿ, ಆ ನೀಲಿ ಬಕೆಟ್ ತೆಗಿ, ಮೊಬೈಲ್ ಎತ್ತಿ ಹಿಡಿದ ಆ ಕೈ ತೆಗಿ. ಆಮೇಲೆ ಕುದುರೆ ಬಾಯಿಂದ ಇಳಿಬಿದ್ದ ನೈಲಾನ್ ಹಗ್ಗ. ಹಗ್ಗ ಹೋದ ಮೇಲೆ ಅದನ್ನು ಹಿಡಿದವರು ಖಾಲಿ ಕೈ ಮುಂದೆ ಮಾಡಿ ನಿಂತ ಹಾಗೆ ವಿಚಿತ್ರವಾಗಿ ಕಂಡರು. "ಅವರನ್ನೂ ತೆಗೆದ್ಬಿಡ್ಲಾ?" ಎಂದ. "ತೆಗಿ" ಎಂದೆವು. ಐದು ನಿಮಿಷ ಆಗಲಿಲ್ಲ. ನಮ್ಮ ಹುಡುಗ ಬಿಳಿ ಕುದುರೆ ಮೇಲೆ ಒಬ್ಬನೇ, ದೊಡ್ಡ ಸವಾರನ ಹಾಗೆ. ಮನೆಯವರೆಲ್ಲ ಮೆಚ್ಚಿದರು. ನಾವೂ ಮೆಚ್ಚಿದೆವು.

ನಾಲ್ಕು ತಿಂಗಳ ಮೇಲೆ ಆ ಯಜಮಾನರು ಮೈಸೂರಿನಿಂದ ಬಸ್ಸು ಹತ್ತಿ ನಮ್ಮನ್ನು ಹುಡುಕಿಕೊಂಡು ಬಂದರು. ಕುದುರೆ ಹೋಯಿತಂತೆ. ಒಂದು ರಾತ್ರಿ ಹೊಟ್ಟೆನೋವು ಶುರುವಾಗಿ ಬೆಳಗಾಗುವುದರಲ್ಲಿ ಮುಗಿಯಿತು ಎಂದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಕೆಟ್ಟದ್ದು ಸೇರಿದರೆ, ಕರುಳು ತಿರುಚಿಕೊಂಡರೆ, ಹೊತ್ತಿಗೆ ಸರಿಯಾಗಿ ಡಾಕ್ಟರು ಸಿಗದಿದ್ದರೆ ಉಳಿಯುವುದು ಕಷ್ಟ.

"ಹನ್ನೆರಡು ವರ್ಷ ನನ್ನ ಹತ್ತಿರ ಇತ್ತು ಹಜ್ರತ್. ನಾನೂ ಅದೂ ಒಟ್ಟಿಗೆ ಇರೋ ಫೋಟೋ ಒಂದೂ ಇಲ್ಲ. ನಿಮ್ಮ ಮದುವೇಲಿ ಬಹಳ ಫೋಟೋ ತೆಗೆದರಲ್ಲ, ಅದರಲ್ಲಿ ಒಂದು ಕೊಡಿಸಿ" ಎಂದರು.

ಅವರ ಕೈಯಲ್ಲಿದ್ದದ್ದು ಬಟನ್ ಫೋನು. ಮುಂಚೆ ಹೋದ ಮದುವೆ ಮನೆಗಳಲ್ಲೂ ಕೇಳಿದ್ದರಂತೆ. ಎಲ್ಲರೂ ಆಲ್ಬಮ್ ತೋರಿಸಿದರು. ಕುದುರೆ ಎಲ್ಲ ಕಡೆ ಇತ್ತು, ಇವರು ಎಲ್ಲಿಯೂ ಇರಲಿಲ್ಲ.

ನಾವು ಸ್ಟುಡಿಯೋಗೆ ಓಡಿದೆವು. ಕ್ಯಾಮೆರಾದ ಕಾರ್ಡು ಎಂದೋ ಫಾರ್ಮ್ಯಾಟ್ ಆಗಿ ಬೇರೆ ಮದುವೆಗೆ ಹೋಗಿತ್ತು. ಕಂಪ್ಯೂಟರಿನಲ್ಲಿ ಉಳಿದಿದ್ದದ್ದು ತಿದ್ದಿದ ಚಿತ್ರಗಳು ಮಾತ್ರ. ಹುಡುಗನ ತಪ್ಪೇನಿಲ್ಲ. "ತೆಗಿ" ಎಂದವರು ನಾವು.

ಅಂದಿನಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಫೋಟೋ ತೆಗೆಯಬಹುದೋ ಬಾರದೋ ಎಂಬ ಮಸ್‌ಅಲದ ಚರ್ಚೆ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ತೆಗೆದ ಫೋಟೋದಿಂದ ಏನನ್ನು ಅಳಿಸುತ್ತೇವೆ, ಅಳಿಸುವಾಗ ಏನು ಮಾಡುತ್ತಿದ್ದೇವೆ ಎಂಬುದನ್ನಷ್ಟೇ ನಾವು ತಿಳಿದುಕೊಂಡ ಮಟ್ಟಿಗೆ ಓದುಗರ ಮುಂದಿಡುತ್ತೇವೆ.

ಅಳಿಸುವುದು ಹೇಗೆ?

ಹಿಂದೆ ರೀಲಿನ ಕಾಲದಲ್ಲೂ ಟಚಪ್ ಇತ್ತು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲು, ಪ್ರಿಂಟಿನ ಮೇಲೆ ಕುಂಚ. ಮೊಡವೆ, ಗಾಯದ ಕಲೆ ಹೋಗಿಸುತ್ತಿದ್ದರು. ಒಬ್ಬ ಮನುಷ್ಯನನ್ನೇ ತೆಗೆಯಬೇಕಾದರೆ ಕತ್ತರಿ, ಅಂಟು, ಬಣ್ಣ, ಮತ್ತೆ ಅದರ ಫೋಟೋ. ನುರಿತವನಿಗೆ ದಿನಗಟ್ಟಲೆ ಕೆಲಸ.

ಫೋಟೋಶಾಪ್ ಬಂದದ್ದು 1990ರಲ್ಲಿ. ಅದರ ಕ್ಲೋನ್ ಸ್ಟ್ಯಾಂಪ್ ಎಂಬ ಉಪಕರಣ ಚಿತ್ರದ ಒಂದು ಜಾಗದ ತುಣುಕನ್ನು ಎತ್ತಿ ಇನ್ನೊಂದು ಜಾಗಕ್ಕೆ ಹಚ್ಚುತ್ತದೆ. ವೈರಿನ ಪಕ್ಕದ ಆಕಾಶವನ್ನು ಎತ್ತಿ ವೈರಿನ ಮೇಲೆ ಹಚ್ಚಿದರೆ ವೈರು ಮಾಯ. 2002ರಲ್ಲಿ ಹೀಲಿಂಗ್ ಬ್ರಷ್ ಬಂತು, ಅದು ಹಚ್ಚಿದ ತುಣುಕಿನ ಬೆಳಕನ್ನೂ ಬಣ್ಣವನ್ನೂ ಸುತ್ತಲಿನದಕ್ಕೆ ಹೊಂದಿಸುತ್ತದೆ. 2010ರಲ್ಲಿ ಬಂದ ಕಂಟೆಂಟ್ ಅವೇರ್ ಫಿಲ್ ಇನ್ನೂ ಮುಂದೆ ಹೋಯಿತು. ಬೇಡವಾದದ್ದರ ಸುತ್ತ ಗೆರೆ ಎಳೆದರೆ ಸಾಕು, ಯಾವ ತುಣುಕು ಎಲ್ಲಿಗೆ ಸರಿಹೋಗುತ್ತದೆ ಎಂದು ಕಂಪ್ಯೂಟರೇ ಹುಡುಕುತ್ತದೆ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಮ್ಯಾಜಿಕ್ ಇರೇಸರ್ ಕೊಟ್ಟಿತು. 2024ರಿಂದ ಅದು ಗೂಗಲ್ ಫೋಟೋಸ್ ಬಳಸುವ ಸಾಮಾನ್ಯ ಫೋನುಗಳಿಗೂ ದುಡ್ಡಿಲ್ಲದೆ ಸಿಗುತ್ತಿದೆ. ಈಗ ಮದ್ರಸದ ಮಕ್ಕಳಿಗೂ ಬೆರಳಲ್ಲಿ ಉಜ್ಜಿ ಮನುಷ್ಯರನ್ನು ಅಳಿಸಲು ಗೊತ್ತು.

ಇಲ್ಲೊಂದು ಮಾತು ನೆನಪಿರಲಿ. ಕುದುರೆಯ ಮುಂದೆ ನಿಂತವರನ್ನು ಅಳಿಸಿದರೆ ಅವರ ಹಿಂದೆ ಏನಿತ್ತು ಎಂಬುದು ಕ್ಯಾಮೆರಾಗೆ ಗೊತ್ತೇ ಇಲ್ಲ. ಅದು ಆ ಜಾಗವನ್ನು ನೋಡಿಯೇ ಇಲ್ಲ. ಯಂತ್ರ ಸುತ್ತಲಿನದನ್ನು ನೋಡಿ ಅಂದಾಜು ಮಾಡಿ ತುಂಬುತ್ತದೆ. ಅಲ್ಲಿ ಇದ್ದದ್ದು ಬರುವುದಿಲ್ಲ, ಇದ್ದಿರಬಹುದಾದದ್ದು ಬರುತ್ತದೆ.

ಕುದುರೆಯ ವಿಷಯದಲ್ಲಿ ಈ ಅಂದಾಜು ಬೇಗ ಸಿಕ್ಕಿಬೀಳುತ್ತದೆ. ಕಾಲುಗಳು ಸಣ್ಣ, ಒಂದರ ಹಿಂದೆ ಒಂದು. ಯಂತ್ರ ಕೆಲವೊಮ್ಮೆ ಒಂದು ಕಾಲು ನುಂಗುತ್ತದೆ, ಕೆಲವೊಮ್ಮೆ ಐದನೆಯದನ್ನು ಚಿಗುರಿಸುತ್ತದೆ. ಬಾಲದ ಮತ್ತು ಕುತ್ತಿಗೆಯ ಕೂದಲು ಎಳೆಎಳೆಯಾಗಿರುವುದರಿಂದ ಅದರ ಹಿಂದಿನ ಬೇಲಿ ತೆಗೆದರೆ ಕೂದಲು ಕಲಸಿದ ಹಿಟ್ಟಿನಂತಾಗುತ್ತದೆ. ಮನುಷ್ಯ ಹೋದರೂ ಅವನ ನೆರಳು ನೆಲದ ಮೇಲೆ ಬಿದ್ದೇ ಇರುತ್ತದೆ. ಹಗ್ಗ ಹೋದರೂ ಹಗ್ಗ ಎಳೆದದ್ದಕ್ಕೆ ಓರೆಯಾದ ಲಗಾಮು ಓರೆಯಾಗಿಯೇ ಉಳಿಯುತ್ತದೆ. ಕುದುರೆಯ ಕಿವಿ ತನ್ನ ಯಜಮಾನನ ಕಡೆಗೆ ತಿರುಗಿರುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ಆಲ್ಬಮಿನಲ್ಲಿ ಈಗ ಹುಡುಕಿದರೆ ಇವೆಲ್ಲ ಕಾಣುತ್ತವೆ. ಆಗ ಕಂಡಿರಲಿಲ್ಲ.

ಟ್ರಿಪೋಲಿಯ ಕುದುರೆ

ಹಗ್ಗ ಹಿಡಿದವರನ್ನು ಅಳಿಸಿದ್ದರಲ್ಲಿ ನಾವೇ ಮೊದಲಿಗರಲ್ಲ. ಲೋಕದಲ್ಲಿ ಬಹಳ ಹೆಸರಾದ ತಿದ್ದಿದ ಫೋಟೋಗಳಲ್ಲಿ ಒಂದು ಕುದುರೆಯದೇ.

1937ರ ಮಾರ್ಚ್. ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಲಿಬಿಯಾದ ಟ್ರಿಪೋಲಿಗೆ ಬಂದ. ಅಲ್ಲಿ ಕುದುರೆ ಮೇಲೆ ಕುಳಿತು ಒಂದು ಕತ್ತಿಯನ್ನು ಆಕಾಶಕ್ಕೆ ಎತ್ತಿದ. ಆ ಕತ್ತಿಗೆ 'ಇಸ್ಲಾಮಿನ ಖಡ್ಗ' ಎಂದು ಹೆಸರಿಟ್ಟು, ತಾನು ಮುಸ್ಲಿಮರ ರಕ್ಷಕ ಎಂದು ಸಾರಿಕೊಂಡ. ಕತ್ತಿ ತಯಾರಾದದ್ದು ಇಟಲಿಯ ಫ್ಲಾರೆನ್ಸಿನಲ್ಲೇ. ಅಂದು ತೆಗೆದ ಮೂಲ ಫೋಟೋದಲ್ಲಿ ಕುದುರೆಯ ತಲೆಯ ಹತ್ತಿರ ಒಬ್ಬ ಆಳು ನಿಂತು ಅದನ್ನು ಹಿಡಿದುಕೊಂಡಿದ್ದಾನೆ. ಕತ್ತಿ ಎತ್ತುವಾಗ ಕುದುರೆ ಅಲುಗಾಡದಿರಲು ಆ ಕೈ ಬೇಕಿತ್ತು. ಪ್ರಚಾರಕ್ಕೆ ಬಿಟ್ಟ ಚಿತ್ರದಲ್ಲಿ ಆ ಆಳು ಇಲ್ಲ. ಮುಸೊಲಿನಿ ಒಬ್ಬನೇ, ಕುದುರೆ ತನ್ನಿಂದ ತಾನೇ ನಿಂತ ಹಾಗೆ.

ಆ ಚಿತ್ರದಲ್ಲಿ ಕಾಣದ ಇನ್ನೊಬ್ಬರಿದ್ದಾರೆ. ಅದೇ ಲಿಬಿಯಾದಲ್ಲಿ ಇಟಲಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಉಮರ್ ಮುಖ್ತಾರ್. ಅವರು ವೃತ್ತಿಯಿಂದ ಕುರ್‌ಆನ್ ಕಲಿಸುವ ಉಸ್ತಾದರು. ಎಪ್ಪತ್ತರ ಪ್ರಾಯದಲ್ಲಿ ಅವರನ್ನು ಹಿಡಿದು 1931ರ ಸೆಪ್ಟೆಂಬರ್ 16ರಂದು ಜನರ ಕಣ್ಣೆದುರೇ ಗಲ್ಲಿಗೇರಿಸಿದವರು ಇದೇ ಮುಸೊಲಿನಿಯ ಸರಕಾರದವರು. ಆರು ವರ್ಷ ಕಳೆಯುವುದರೊಳಗೆ ರಕ್ಷಕನ ಫೋಟೋ ತಯಾರಾಯಿತು. ಅಷ್ಟು ದೊಡ್ಡ ಸುಳ್ಳಿನ ಪಕ್ಕದಲ್ಲಿ ಕುದುರೆ ಆಳನ್ನು ಅಳಿಸಿದ್ದು ಸಣ್ಣ ಮಾತು ಅನಿಸಬಹುದು. ಆದರೆ ಎರಡೂ ಒಂದೇ ಫೋಟೋದಲ್ಲಿವೆ ಎಂಬುದನ್ನು ಮರೆಯಬಾರದು.

ಸರ್ವಾಧಿಕಾರಿ ಮಾಡಿದ್ದಕ್ಕೂ ಮದುವೆ ಮನೆಯವರು ಮಾಡಿದ್ದಕ್ಕೂ ಹೋಲಿಕೆ ಎಲ್ಲಿ ಎಂದು ಯಾರಾದರೂ ಕೇಳಿಯಾರು. ಅಳತೆಯಲ್ಲಿ ಹೋಲಿಕೆ ಇಲ್ಲ, ನಿಜ. ಆಸೆ ಒಂದೇ. ಕುದುರೆಯನ್ನು ಹಿಡಿಯಲು ಇನ್ನೊಬ್ಬ ಬೇಕಾಯಿತು ಎಂಬುದು ನೋಡಿದವರಿಗೆ ಗೊತ್ತಾಗಬಾರದು, ಅಷ್ಟೆ.

ಕುದುರೆಯೂ ಫೋಟೋದ ಸತ್ಯವೂ

ಕುದುರೆಗೂ ಕ್ಯಾಮೆರಾಗೂ ಹಳೆಯ ನಂಟು. ಓಡುವಾಗ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಜಗಳ ಬರಿಗಣ್ಣಿಗೆ ಬಗೆಹರಿಯುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಇದರ ಹಿಂದೆ ಬಿದ್ದ. 1877ರಲ್ಲಿ ಆತ ಪತ್ರಿಕೆಗೆ ಕೊಟ್ಟ ಓಡುವ ಕುದುರೆಯ ಚಿತ್ರ ಕೈಯಿಂದ ತಿದ್ದಿದ್ದಾಗಿತ್ತು. ಜನ ಅನುಮಾನಪಟ್ಟರು. ಹಾಗಾಗಿ 1878ರ ಜೂನಿನಲ್ಲಿ ಪತ್ರಕರ್ತರನ್ನೇ ಓಟದ ಮೈದಾನಕ್ಕೆ ಕರೆಸಿದ. ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟು ತೆಗೆದ ಚಿತ್ರಗಳನ್ನು ಅವರ ಎದುರಲ್ಲೇ ತೊಳೆದು ತೋರಿಸಿದ. ನಾಲ್ಕೂ ಗೊರಸು ನೆಲ ಬಿಡುವುದು ನಿಜ ಎಂದು ಆಗ ಒಪ್ಪಿದರು. ಅಂದರೆ ತಿದ್ದಿದ ಫೋಟೋ ಸಾಕ್ಷಿಯಾಗುವುದಿಲ್ಲ ಎಂಬುದು ಆ ಕಾಲದಲ್ಲೇ ಜನಕ್ಕೆ ಗೊತ್ತಿತ್ತು.

ಚಾಮುಂಡಿ ಬೆಟ್ಟದ ಬುಡದಲ್ಲಿ ಮೈಸೂರಿನ ರೇಸ್ ಕೋರ್ಸ್ ಇದೆ. ಜೂಜು ನಮಗೆ ವರ್ಜ್ಯ, ಆ ಮಾತು ಬೇರೆ. ಆದರೆ ಎರಡು ಕುದುರೆ ಒಟ್ಟಿಗೆ ಗೆರೆ ಮುಟ್ಟಿದಾಗ ಯಾವುದರ ಮೂಗು ಮುಂದೆ ಎಂದು ತೀರ್ಮಾನಿಸಲು ರೇಸಿನವರು ಫೋಟೋ ಫಿನಿಶ್ ನೋಡುತ್ತಾರೆ. ಆ ಕ್ಯಾಮೆರಾ ಗೆರೆಯ ಮೇಲಿನ ಕೂದಲೆಳೆಯಷ್ಟು ಜಾಗವನ್ನು ಮಾತ್ರ ಕ್ಷಣಕ್ಷಣ ನೋಡುತ್ತಿರುತ್ತದೆ. ಅದರಲ್ಲಿ ಏನಾದರೂ ಅಳಿಸಿ ನೋಡಿ, ಗದ್ದಲ ಎದ್ದೀತು. ಹಣ ಸಿಕ್ಕಿಕೊಂಡಿದ್ದಾಗ ಫೋಟೋ ಸತ್ಯ ಹೇಳಬೇಕು ಎನ್ನುತ್ತೇವೆ. ಮನುಷ್ಯ ಸಿಕ್ಕಿಕೊಂಡಿದ್ದಾಗ?

ಸುದ್ದಿ ಲೋಕದಲ್ಲೂ ಈ ವಿಷಯದಲ್ಲಿ ನಿಯಮ ಬಿಗಿ. 2014ರ ಜನವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ ನಾರ್ಸಿಸೊ ಕಾಂಟ್ರೆರಾಸ್ ಎಂಬ ಛಾಯಾಗ್ರಾಹಕನ ಜೊತೆ ಸಂಬಂಧ ಕಡಿದುಕೊಂಡಿತು. ಸಿರಿಯಾ ಯುದ್ಧದ ಒಂದು ಚಿತ್ರದ ಮೂಲೆಯಲ್ಲಿ ಇನ್ನೊಬ್ಬ ಪತ್ರಕರ್ತನ ವಿಡಿಯೋ ಕ್ಯಾಮೆರಾ ನೆಲದ ಮೇಲೆ ಬಿದ್ದಿತ್ತು. ನೋಡುವವರ ಗಮನ ಆ ಕಡೆ ಹೋದೀತು ಎಂದು ಆತ ಅದನ್ನು ಅಳಿಸಿದ್ದ. ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದವನು ಆತ. ಆದರೂ ಬಿಡಲಿಲ್ಲ.

ಮದುವೆ ಆಲ್ಬಮ್ ಸುದ್ದಿಯಲ್ಲ, ಅಷ್ಟು ಬಿಗಿ ಬೇಕಿಲ್ಲ. ಆದರೆ ಮೂವತ್ತು ವರ್ಷ ಕಳೆದ ಮೇಲೆ ಮನೆಯ ಚರಿತ್ರೆ ಎಂದು ಉಳಿಯುವುದು ಅದೊಂದೇ.

ಆನೆಯ ಜೊತೆ ಮಾವುತ, ಕುದುರೆಯ ಜೊತೆ ಯಾರು?

ನಮ್ಮ ಸೀಮೆಯಲ್ಲೇ ಇದಕ್ಕೆ ತದ್ವಿರುದ್ಧ ರೂಢಿಯೊಂದು ಇದೆ. ದಸರಾ ಆನೆಗಳ ಗಜಪಯಣ ಹೊರಡುವುದು ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ. ಅಂದಿನ ಪತ್ರಿಕೆಗಳಲ್ಲಿ ಆನೆಯ ಹೆಸರಿನ ಪಕ್ಕ ಮಾವುತನ ಹೆಸರು, ಕಾವಾಡಿಯ ಹೆಸರು ಅಚ್ಚಾಗುತ್ತದೆ. ಎಚ್.ಡಿ.ಕೋಟೆ ತಾಲೂಕಿನ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತವನು. 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲೂಕಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ಅವನ ಮೈಮೇಲೆ ಬಿದ್ದು ಮಾವುತ ಅತ್ತದ್ದನ್ನು ನಾಡೆಲ್ಲ ನೋಡಿತು. ಆ ಚಿತ್ರದಿಂದ ಮಾವುತನನ್ನು ಅಳಿಸಿದರೆ ಚೆಂದ ಎಂದು ಒಬ್ಬರಿಗೂ ಅನಿಸಲಿಲ್ಲ. ಮಾವುತನಿಲ್ಲದೆ ಆನೆ ಇಲ್ಲ ಎಂಬುದು ನಮಗೆ ಗೊತ್ತು.

ಮೈಸೂರು ಅರಮನೆಗೆ ಹೋದವರು ಕಲ್ಯಾಣ ಮಂಟಪದ ಗೋಡೆ ನೋಡಿರುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ದಸರಾ ಮೆರವಣಿಗೆಯನ್ನು 26 ಚಿತ್ರಗಳಲ್ಲಿ ಬರೆದಿದ್ದಾರೆ. ಕಲಾವಿದರು ಇದಕ್ಕೆ ಅಂದಿನ ಫೋಟೋಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರು. ಕುಂಚ ಹಿಡಿದವನಿಗೆ ಬೇಡದವರನ್ನು ಬಿಡುವುದು ಎಷ್ಟು ಸುಲಭ! ಬರೆಯದಿದ್ದರಾಯಿತು. ಆದರೂ ಮಹಾರಾಜರ ಮೆರವಣಿಗೆಯಲ್ಲಿ ಪ್ರಾಣಿಗಳ ಪಕ್ಕ ಕಾಲ್ನಡಿಗೆಯಲ್ಲಿ ಹೋಗುವವರೂ ಆ ಗೋಡೆಯ ಮೇಲೆ ಇದ್ದಾರೆ. ಅವರಿಂದ ಮೆರವಣಿಗೆ ಚಿಕ್ಕದಾಗಲಿಲ್ಲ. ರಾಜರ ಗೋಡೆಗೆ ಅಡ್ಡಿಯಾಗದವರು ನಮ್ಮ ಹನ್ನೆರಡು ಇಂಚಿನ ಆಲ್ಬಮಿಗೆ ಅಡ್ಡಿಯಾದರು!

ಮೈಸೂರಿನ ಜಟಕಾದವರಲ್ಲಿ ಬಹಳ ಮಂದಿ ನಮ್ಮ ಜನವೇ. ಆಟೋ ಬಂದ ಮೇಲೆ ಬಾಡಿಗೆ ಕಡಿಮೆಯಾಗಿ, ಕೆಲವರು ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸುತ್ತಾರೆ, ಕೆಲವರು ಮದುವೆಗೆ ಕುದುರೆ ಕೊಡುತ್ತಾರೆ. ಮದುವೆ ಸೀಸನ್ ನಾಲ್ಕು ತಿಂಗಳು, ಕುದುರೆಯ ಹೊಟ್ಟೆ ಹನ್ನೆರಡು ತಿಂಗಳು. ಹುಲ್ಲು, ಹುರುಳಿ, ಬೂಸ, ಲಾಳ, ಔಷಧಿ. ಇದೆಲ್ಲ ನಾವು ಆ ಯಜಮಾನರ ಬಾಯಿಂದ ಕೇಳಿದ್ದು. ಮದುವೆ ದಿನ ಅವರ ಹೆಸರನ್ನೂ ನಾವು ಕೇಳಿರಲಿಲ್ಲ.

ತೆಗೆಯಬಹುದಾದದ್ದು, ತೆಗೆಯಬಾರದ್ದು

ನಮ್ಮ ತಿಳುವಳಿಕೆಯಲ್ಲಿ ಇದನ್ನು ಮೂರು ಭಾಗ ಮಾಡಬಹುದು.

ಒಂದು, ವೈರು, ಕಂಬ, ಪ್ಲಾಸ್ಟಿಕ್ ಚೀಲ, ಕಸದ ಡಬ್ಬಿ. ಆ ಹೊತ್ತಿಗೆ ಅಲ್ಲಿ ಇದ್ದವು, ಅಷ್ಟೆ. ತೆಗೆದರೆ ಯಾರಿಗೂ ನಷ್ಟವಿಲ್ಲ. ಮನೆ ಫೋಟೋ ಚೆಂದ ಕಾಣಲಿ, ಧಾರಾಳವಾಗಿ ತೆಗೆಯಿರಿ.

ಎರಡು, ಮನುಷ್ಯರು. ದಾರಿಹೋಕ ಅಡ್ಡ ಬಂದಿದ್ದರೆ ತೆಗೆಯಬಹುದು, ತನ್ನ ಮುಖ ಯಾರದೋ ಆಲ್ಬಮಿನಲ್ಲಿ ಬೇಡ ಎಂದು ಅವನಿಗೂ ಇರಬಹುದು. ಆದರೆ ಆ ಕೆಲಸ ಮಾಡಿದವರು, ಕುದುರೆ ಹಿಡಿದವರು, ಕೊಡೆ ಹಿಡಿದವರು, ಬಡಿಸಿದವರು, ಇವರನ್ನು ಬೇಡವಾದ ವಸ್ತು ಎಂದು ಲೆಕ್ಕ ಹಾಕಬೇಡಿ. ಒಂಟಿ ಸವಾರನ ಚಿತ್ರ ಒಂದು ಬೇಕೇ ಬೇಕು ಎಂದರೆ ಮಾಡಿಸಿಕೊಳ್ಳಿ. ಉಳಿದವುಗಳಲ್ಲಿ ಅವರು ಇರಲಿ. ಮೂಲ ಚಿತ್ರವನ್ನು ಮಾತ್ರ ಅಳಿಸಬೇಡಿ.

ಮೂರು, ಕುದುರೆಯ ಮೈಮೇಲಿನ ಗುರುತುಗಳು. ಇದು ಅತಿ ಜಾಗ್ರತೆಯ ವಿಷಯ. ಕುದುರೆ, ದನ, ಆಡು ಎಲ್ಲವನ್ನೂ ಈಗ ಫೋನಿನ ಫೋಟೋ ನೋಡಿ ವ್ಯಾಪಾರ ಕುದುರಿಸುತ್ತಾರೆ. ಕೆ.ಆರ್.ನಗರ ಕಡೆಯ ಚುಂಚನಕಟ್ಟೆ ಜಾತ್ರೆಯಲ್ಲಿ ರಾಸುವಿನ ಹಲ್ಲು ಎಣಿಸಿ, ಮೈ ಸವರಿ, ನಡೆಸಿ ನೋಡಿ ಕೊಳ್ಳುತ್ತಿದ್ದ ಕಾಲ ಬೇರೆ. ಕುದುರೆಯ ಬೆನ್ನಿನ ಮೇಲೆ ಜೀನು ಉಜ್ಜಿದ ಹುಣ್ಣು, ಬಾಯಿಯ ಮೂಲೆಯಲ್ಲಿ ಕಡಿವಾಣದ ಗಾಯ, ಮೊಣಕಾಲಿನ ಮೇಲೆ ಬಿದ್ದು ಎದ್ದ ಕಲೆ, ಇವು ಬೇಡವಾದ ವಸ್ತುಗಳಲ್ಲ, ಆ ಕುದುರೆಯ ಜಾತಕ. ಮೊಣಕಾಲಿನ ಕಲೆ ಕಂಡರೆ ಇದು ಎಡವುವ ಕುದುರೆಯೋ ಎಂದು ಬಲ್ಲವರು ವಿಚಾರಿಸುತ್ತಾರೆ. ಅದನ್ನು ಬೆರಳಲ್ಲಿ ಉಜ್ಜಿ ತೆಗೆದು ಮಾರಿದರೆ ಮೋಸ. ಒದ್ದೆ ಧಾನ್ಯವನ್ನು ರಾಶಿಯ ಒಳಗೆ ಬಚ್ಚಿಟ್ಟ ವ್ಯಾಪಾರಿಯ ಪ್ರಸಂಗ ನಮ್ಮ ಮಕ್ಕಳಿಗೆ ಬಾಯಿಪಾಠ. ಕೊಂಡವನಿಗೆ ನಷ್ಟ ಒಂದು ಕಡೆ. ಹುಣ್ಣಿನ ಮೇಲೆಯೇ ಮತ್ತೆ ಜೀನು ಬಿಗಿಸಿಕೊಳ್ಳುವ ಆ ಮೂಕ ಪ್ರಾಣಿಯ ಸಂಕಟ ಇನ್ನೊಂದು ಕಡೆ. ಮದುವೆ ಕುದುರೆಯ ಗಾಯ ಆಲ್ಬಮಿನಲ್ಲಿ ಅಸಹ್ಯ ಎಂದು ಅಳಿಸಿದವರು, ಗಾಯಗೊಂಡ ಕುದುರೆ ಮೇಲೆ ನಮ್ಮ ಹುಡುಗನನ್ನು ಹೇಗೆ ಕೂರಿಸಿದೆವು ಎಂದೂ ಕೇಳಿಕೊಳ್ಳಬೇಕು.

ಅಳಿಸುವುದಕ್ಕಿಂತ ಮೊದಲು

ಪಿರಿಯಾಪಟ್ಟಣದ ಪರಿಚಯದ ಫೋಟೋಗ್ರಾಫರ್ ಒಬ್ಬರು ಈ ವಿಷಯ ಕೇಳಿ ನಕ್ಕರು. "ತೆಗೆಯೋವಾಗ್ಲೇ ನೋಡ್ಕೊಂಡ್ರೆ ಅಳಿಸೋ ಕೆಲಸ ಅರ್ಧ ಕಡಿಮೆ ಉಸ್ತಾದ್ರೇ" ಎಂದು ಕೆಲವು ಸಂಗತಿ ಹೇಳಿಕೊಟ್ಟರು. ಮದುವೆ ಮನೆಯ ಹುಡುಗರಿಗೆ ಉಪಯೋಗವಾದೀತು.

ಕುದುರೆಯವರು ಸಾಮಾನ್ಯವಾಗಿ ಕುದುರೆಯ ಎಡಗಡೆ ನಿಂತು ನಡೆಸುತ್ತಾರೆ. ಬಲಗಡೆಯಿಂದ ಫೋಟೋ ತೆಗೆದರೆ ಅವರು ಕುದುರೆಯ ಕುತ್ತಿಗೆಯ ಮರೆಗೆ ಹೋಗುತ್ತಾರೆ. ಅಳಿಸಬೇಕಾಗಿಯೇ ಇಲ್ಲ.

ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ತಲೆಯ ಹಿಂದಿನ ಕಂಬ ಮರೆಯಾಗುತ್ತದೆ. ಸ್ವಲ್ಪ ಕುಳಿತು ತೆಗೆದರೆ ಕುದುರೆ ಎತ್ತರ ಕಾಣುತ್ತದೆ, ಹಿಂದಿನ ಬೈಕುಗಳ ಸಾಲು ಕೆಳಗೆ ಹೋಗುತ್ತದೆ. ಹತ್ತಿರ ನಿಂತು ಫೋನಿನಲ್ಲಿ ತೆಗೆದರೆ ಕುದುರೆಯ ಮೂತಿ ದೊಡ್ಡದಾಗಿ ಮೈ ಸಣ್ಣದಾಗುತ್ತದೆ. ದೂರ ನಿಂತು ಝೂಮ್ ಮಾಡಿದರೆ ಒಳ್ಳೆಯದು.

ಕುದುರೆಯ ಕಣ್ಣು ತಲೆಯ ಎರಡು ಬದಿಗಿವೆ. ತನ್ನ ನೇರ ಹಿಂದೆ ಏನಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಅಲ್ಲಿ ಹೋಗಿ ಫ್ಲಾಶ್ ಹೊಡೆಯಬೇಡಿ, ಒದ್ದರೆ ಫೋಟೋವೂ ಇಲ್ಲ, ಹಲ್ಲೂ ಇಲ್ಲ. ಕಿವಿ ಮುಂದಕ್ಕೆ ಬಂದಾಗ ಕುದುರೆ ಗೆಲುವಾಗಿ ಕಾಣುತ್ತದೆ. ಅದಕ್ಕೆ ಅದರ ಯಜಮಾನರನ್ನೇ ಮುಂದೆ ನಿಂತು ಕರೆಯಲು ಹೇಳಿ. ಕಿವಿ ಹಿಂದಕ್ಕೆ ಅಂಟಿಕೊಂಡರೆ ಅದಕ್ಕೆ ಬೇಸರ ಅಥವಾ ಸಿಟ್ಟು ಬಂದಿದೆ ಎಂದರ್ಥ, ಕ್ಯಾಮೆರಾ ಇಳಿಸಿ.

ತಿದ್ದುವುದೇ ಆದರೆ ಮೊದಲು ಒಂದು ಪ್ರತಿ ಮಾಡಿಕೊಂಡು ಅದರ ಮೇಲೆ ತಿದ್ದಿ. ಸ್ಟುಡಿಯೋದವರಿಗೆ ಕೆಲಸ ಒಪ್ಪಿಸುವಾಗಲೇ, ಮೂಲ ಚಿತ್ರಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಕೊಡಿ ಎಂದು ಹೇಳಿ. ಇಷ್ಟು ಒಂದು ಮಾತು ನಾವು ಅಂದು ಹೇಳಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮತ್ತೊಂದು ಮಾತು. ಕುದುರೆ ಹಿಡಿದವರನ್ನೂ ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ, ಅವರ ಮಕ್ಕಳ ನಂಬರಿಗೆ ಕಳಿಸಿ. ಅದಕ್ಕೆ ಖರ್ಚೇನೂ ಇಲ್ಲ.

ಕೊನೆಗೆ ಸಿಕ್ಕಿದ ಒಂದು

ಆ ಯಜಮಾನರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಮದುವೆಗೆ ಬಂದಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆವು. ನಿಮ್ಮ ಫೋನಿನಲ್ಲಿ ಕುದುರೆ ಇದೆಯಾ, ಪಕ್ಕದಲ್ಲಿ ಬಿಳಿ ಗಡ್ಡದವರೊಬ್ಬರು ಇದ್ದಾರಾ? ಎಂಟು ದಿನ ಕಳೆಯಿತು. ಹೆಚ್ಚಿನವರ ಹತ್ತಿರ ಮದುಮಗನೂ ತಾವೂ ಇರುವ ಸೆಲ್ಫಿ ಮಾತ್ರ. ಕೊನೆಗೆ ಕೆ.ಆರ್.ನಗರದ ನಮ್ಮ ಸಂಬಂಧಿಕರ ಮಗಳು, ನಾಲ್ಕನೇ ಕ್ಲಾಸಿನ ಹುಡುಗಿ, ತನ್ನ ಉಮ್ಮನ ಫೋನಿನಲ್ಲಿ ತೆಗೆದ ಒಂದು ಚಿತ್ರ ಸಿಕ್ಕಿತು. ಅವಳಿಗೆ ಮದುಮಗ ಬೇಕಿರಲಿಲ್ಲ, ಕುದುರೆ ಬೇಕಿತ್ತು.

ಮೆರವಣಿಗೆ ಮುಗಿದ ಮೇಲಿನ ಚಿತ್ರ ಅದು. ಜರಿ ಬಟ್ಟೆ ತೆಗೆದಾಗಿತ್ತು. ಕುದುರೆ ನೀಲಿ ಬಕೆಟಿಗೆ ಮೂತಿ ಹಾಕಿ ನೀರು ಕುಡಿಯುತ್ತಿದೆ. ಅವರು ಒಂದು ಕೈಯನ್ನು ಅದರ ಕುತ್ತಿಗೆ ಮೇಲೆ ಇಟ್ಟು ಬಗ್ಗಿ ನೋಡುತ್ತಿದ್ದಾರೆ. ಮೇಲೆ ವೈರು ಅಡ್ಡ ಹೋಗಿದೆ, ಹಿಂದೆ ಕಸದ ಡಬ್ಬಿ, ಪಕ್ಕದಲ್ಲಿ ಯಾರದೋ ಅರ್ಧ ಮೊಣಕೈ. ನಾವು ಅಂದು ಒಂದೊಂದಾಗಿ ತೆಗೆಸಿದ್ದೆಲ್ಲ ಅದರಲ್ಲಿತ್ತು.

ಅದನ್ನೇ ದೊಡ್ಡದು ಮಾಡಿಸಿ, ಏನನ್ನೂ ಮುಟ್ಟದೆ, ಫ್ರೇಮು ಹಾಕಿಸಿ ಮೈಸೂರಿಗೆ ತೆಗೆದುಕೊಂಡು ಹೋದೆವು. ಯಜಮಾನರು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಚೆನ್ನಾಗಿದೆ ಹಜ್ರತ್. ಆ ವೈರು, ಆ ಕಸದ ಡಬ್ಬಿ ತೆಗೆಸೋಕೆ ಆಗಲ್ವಾ?"

ನಾವು ನಕ್ಕೆವು, ಅವರೂ ನಕ್ಕರು. ಮತ್ತೆ ಹುಣಸೂರಿಗೆ ತಂದು ಸ್ಟುಡಿಯೋ ಹುಡುಗನಿಗೆ ಕೊಟ್ಟೆವು. ಈ ಸಲ ಮೂಲವನ್ನು ಬೇರೆ ತೆಗೆದಿಟ್ಟುಕೊಂಡು ಕೆಲಸ ಶುರುಮಾಡಿದ. ವೈರು ಹೋಯಿತು, ಡಬ್ಬಿ ಹೋಯಿತು, ಮೊಣಕೈ ಹೋಯಿತು. "ಬಕೆಟ್ ತೆಗೀಲಾ ಗುರುಗಳೇ?" ಎಂದ. ಯಜಮಾನರಿಗೆ ಫೋನ್ ಮಾಡಿ ಕೇಳಿದೆವು. ಬಕೆಟ್ ಇರಲಿ, ಅದು ನಮ್ಮನೇದು ಎಂದರು.